ಸಿಕ್ಕ ಕಲ್ಲು ಯಾರದು? ಸರ್ಕಾರಿ ನೆಲದಲ್ಲಿ ಖನಿಜ ಹುಡುಕುವ ಹಕ್ಕಿನ ಬಗ್ಗೆ

(ಆಂಧ್ರದ ಕರ್ನೂಲು ಜಿಲ್ಲೆಯ ಆದೋನಿಯಲ್ಲಿ ಕನ್ನಡ ಓದುಗರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತುಗಳನ್ನು, ಕೊನೆಯಲ್ಲಿ ಬಂದ ಪ್ರಶ್ನೆಗಳ ಸಮೇತ, ಇಲ್ಲಿ ಬರಹಕ್ಕೆ ಇಳಿಸಿದ್ದೇನೆ.)

ಹಿರಿಯರೇ, ಅಕ್ಕಂದಿರೇ, ಅಣ್ಣಂದಿರೇ,

ರೋಹಿಣಿ ಮಳೆ ಬಿದ್ದ ಮರುದಿನ ತುಗ್ಗಲಿ, ಜೊನ್ನಗಿರಿ, ವಜ್ರಕರೂರು ಕಡೆಯ ಹೊಲಗಳು ಹೇಗಿರುತ್ತವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬಿತ್ತನೆಗೆ ಹದವಾದ ಕೆಂಪು ನೆಲದ ಮೇಲೆ ರೈತರಿಗಿಂತ ಹೆಚ್ಚಾಗಿ ಬೇರೆ ಊರಿನ ಜನರೇ ಕಾಣುತ್ತಾರೆ. ಎಲ್ಲರೂ ಸೊಂಟ ಬಗ್ಗಿಸಿ, ಕಣ್ಣು ನೆಲಕ್ಕೆ ನೆಟ್ಟು, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ನಡೆಯುತ್ತಿರುತ್ತಾರೆ. ಬಳ್ಳಾರಿಯಿಂದ ಬಸ್ ಹಿಡಿದು ಬಂದವರಿದ್ದಾರೆ, ನಮ್ಮ ಆಲೂರು, ಆದೋನಿ ಕಡೆಯವರಿದ್ದಾರೆ. ಬುತ್ತಿ ಕಟ್ಟಿಕೊಂಡು ಬಂದು, ರಾತ್ರಿ ಗುಡಿಯ ಕಟ್ಟೆಯ ಮೇಲೆ ಮಲಗಿ, ಬೆಳಕು ಹರಿಯುವ ಮುಂಚೆಯೇ ಮತ್ತೆ ಹೊಲಕ್ಕೆ ಇಳಿಯುತ್ತಾರೆ. ಮಳೆ ಮೇಲ್ಮಣ್ಣನ್ನು ತೊಳೆದಾಗ ವಜ್ರ ಹೊಳೆದು ಕಾಣುತ್ತದೆ ಎಂಬುದು ಅವರ ನಂಬಿಕೆ. ಅದು ಬರೀ ನಂಬಿಕೆಯಲ್ಲ. ವಜ್ರಕರೂರಿನ ಸುತ್ತ ಕಿಂಬರ್ಲೈಟ್ ಎಂಬ ಶಿಲೆಯ ಕೊಳವೆಗಳಿವೆ. ಸುಮಾರು 110 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಿಂದ ನುಗ್ಗಿ ಮೇಲೆ ಬಂದ ಶಿಲೆ ಅದು. ಬರುವಾಗ ಅಲ್ಲಿನ ವಜ್ರವನ್ನೂ ಹೊತ್ತು ತಂದಿತು. ಮಳೆಗಾಳಿಗೆ ಆ ಶಿಲೆ ಸವೆದು, ಹರಳು ಮಣ್ಣಿನಲ್ಲಿ ಉಳಿದುಕೊಂಡಿತು. ಊರಿನ ಹೆಸರಿನಲ್ಲೇ ವಜ್ರವಿದೆ. ಅಲ್ಲಿ ಹುಡುಕುವವರನ್ನು ಮರುಳರೆಂದು ನಾನು ಕರೆಯಲಾರೆ.

ನಾನು ಭೂಮಿಯ ವ್ಯಾಜ್ಯಗಳನ್ನು ನಡೆಸುವ ವಕೀಲ. ಕೆಲವು ವರ್ಷಗಳ ಹಿಂದೆ ಒಬ್ಬ ಕೂಲಿ ಹೆಂಗಸು ನನ್ನ ಕಚೇರಿಗೆ ಬಂದಿದ್ದರು. ಸೀರೆಯ ಸೆರಗಿನಲ್ಲಿ ಏನೂ ಇರಲಿಲ್ಲ. ಇದ್ದದ್ದು ಆಗಲೇ ಹೋಗಿತ್ತು. ಬಂಜರಿನಲ್ಲಿ ಒಂದು ಹರಳು ಸಿಕ್ಕಿತ್ತಂತೆ. ಸುದ್ದಿ ಹಬ್ಬುವ ಮುಂಚೆಯೇ ದಲ್ಲಾಳಿ ಮನೆಗೆ ಬಂದು ಕೂತನಂತೆ. "ಪೊಲೀಸರಿಗೆ ಗೊತ್ತಾದರೆ ಕಲ್ಲೂ ಹೋಗುತ್ತದೆ, ನೀನೂ ಹೋಗುತ್ತೀಯ" ಎಂದು ಹೆದರಿಸಿ, ಕೈಗೆ ಒಂದಿಷ್ಟು ನೋಟು ತುರುಕಿ ಎದ್ದು ಹೋದನಂತೆ. ಆಕೆ ನನ್ನನ್ನು ಕೇಳಿದ್ದು ಒಂದೇ ಮಾತು: "ಸ್ವಾಮಿ, ನನ್ನ ಕೈಗೆ ಸಿಕ್ಕ ಕಲ್ಲು ನನ್ನದಲ್ಲವಾ?"

ಆ ದಿನ ನಾನು ಕೊಟ್ಟ ಉತ್ತರ ಆಕೆಗೆ ಅರ್ಥವಾಗಲಿಲ್ಲ, ನನಗೂ ಸಮಾಧಾನ ತರಲಿಲ್ಲ. ಇಂದಿನ ಮಾತು ಆ ಉತ್ತರವನ್ನು ಬಿಡಿಸಿ ಹೇಳುವ ಪ್ರಯತ್ನ.

ಮೊದಲಿಗೆ ಒಂದು ವಿಷಯವನ್ನು ಗಟ್ಟಿಯಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನೆಲದ ಹಕ್ಕು ಬೇರೆ, ನೆಲದಡಿಯ ಖನಿಜದ ಹಕ್ಕು ಬೇರೆ, ಆ ಖನಿಜವನ್ನು ಹುಡುಕುವ ಹಕ್ಕು ಇನ್ನೂ ಬೇರೆ. ನಮ್ಮ ಜನ ಮೂರನ್ನೂ ಒಂದೇ ಎಂದುಕೊಳ್ಳುತ್ತಾರೆ. ಪಟ್ಟಾ ಇದ್ದರೆ ಪಾತಾಳದವರೆಗೂ ತನ್ನದು ಎಂದು ರೈತ ತಿಳಿಯುತ್ತಾನೆ. ಬಂಜರು, ಪೋರಂಬೋಕು (ಸಾಗುವಳಿಗೆ ಕೊಡದ ಸರ್ಕಾರಿ ನೆಲ), ಗೋಮಾಳ ಎಂದರೆ ಯಾರದೂ ಅಲ್ಲ, ಆದ್ದರಿಂದ ಎಲ್ಲರದೂ ಎಂದು ಹುಡುಕುವವನು ತಿಳಿಯುತ್ತಾನೆ. ಎರಡೂ ತಪ್ಪು ತಿಳಿವಳಿಕೆ.

ಪಟ್ಟಾ ಭೂಮಿಯ ಅಡಿಯ ಖನಿಜ ಯಾರದು ಎಂಬುದು ನಿಜಕ್ಕೂ ಆಳವಾದ ಪ್ರಶ್ನೆ. ನಮ್ಮ ಈ ಸೀಮೆ 1800ರಲ್ಲಿ ನಿಜಾಮನಿಂದ ಕಂಪನಿ ಸರ್ಕಾರಕ್ಕೆ ಹಸ್ತಾಂತರವಾದದ್ದು. ದತ್ತಮಂಡಲ ಎಂದು ಹಿರಿಯರು ಹೇಳುವುದು ಇದನ್ನೇ. ಕಂಪನಿಯ ಕಲೆಕ್ಟರ್ ಥಾಮಸ್ ಮನ್ರೋ ಇಲ್ಲಿ ಕುಳಿತು, ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ಕಟ್ಟಿದರು. ಪಟ್ಟಾ ರೈತನ ಹೆಸರಿಗೆ ಬಂತು, ಆದರೆ ಖನಿಜದ ಮೇಲಿನ ಹಕ್ಕು ತನ್ನದೆಂದು ಮದ್ರಾಸ್ ಸರ್ಕಾರ ತನ್ನ ಕಂದಾಯ ಮಂಡಳಿಯ ಆದೇಶಗಳಲ್ಲಿ ಬರೆದುಕೊಳ್ಳುತ್ತ ಬಂತು. 2013ರಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಮೊಕದ್ದಮೆಯಲ್ಲಿ, ನೆಲದ ಒಡೆತನ ಸಾಮಾನ್ಯವಾಗಿ ಅಡಿಯ ಖನಿಜಕ್ಕೂ ಸಲ್ಲುತ್ತದೆ, ಕಾನೂನುಬದ್ಧವಾಗಿ ಕಿತ್ತುಕೊಂಡಿದ್ದರೆ ಮಾತ್ರ ಇಲ್ಲ ಎಂದು ತೀರ್ಪು ಕೊಟ್ಟಿತು. ಅದು ಮಲಬಾರಿನ ಜನ್ಮ ಹಕ್ಕಿನ, ಅಂದರೆ ವಂಶಪಾರಂಪರ್ಯವಾದ ಪೂರ್ಣ ಒಡೆತನದ, ಭೂಮಿಗೆ ಸಂಬಂಧಪಟ್ಟ ತೀರ್ಪು. ನಮ್ಮ ಕಡೆಯ ಹಲವರು ಅದರ ಪತ್ರಿಕಾ ವರದಿಯನ್ನು ಕತ್ತರಿಸಿ ಇಟ್ಟುಕೊಂಡು, "ಇನ್ನು ಯಾರ ಅಪ್ಪಣೆಯೂ ಬೇಡ" ಎಂದು ನನ್ನ ಬಳಿ ಬಂದಿದ್ದರು. ಬೇಡ ಎಂದು ಆ ತೀರ್ಪು ಹೇಳಿಲ್ಲ. ಒಡೆಯ ನೀವೇ ಆಗಿದ್ದರೂ ಹುಡುಕಲು, ತೆಗೆಯಲು ಪರವಾನಗಿ ಬೇಕೇ ಬೇಕು.

ಆ ಪರವಾನಗಿಯ ಮೂಲ 1957ರ ಗಣಿ ಮತ್ತು ಖನಿಜ ಕಾಯ್ದೆ. ಅದರ 4ನೇ ಕಲಮು ನಮ್ಮ ಇಂದಿನ ವಿಷಯದ ಬೀಗ ಮತ್ತು ಕೀಲಿಕೈ ಎರಡೂ. ಪರವಾನಗಿ ಇಲ್ಲದೆ ಯಾರೂ ಖನಿಜವನ್ನು ಹುಡುಕುವ ಕಾರ್ಯಾಚರಣೆ ಮಾಡುವಂತಿಲ್ಲ, ಗಣಿ ತೋಡುವಂತಿಲ್ಲ, ಕಾನೂನು ಮೀರಿ ಖನಿಜವನ್ನು ಸಾಗಿಸುವಂತಿಲ್ಲ, ಸಂಗ್ರಹಿಸುವಂತಿಲ್ಲ. ಹುಡುಕುವುದು ಎಂದರೇನು? ಖನಿಜ ನಿಕ್ಷೇಪ ಎಲ್ಲಿದೆ ಎಂದು ಶೋಧಿಸುವ, ಗುರುತಿಸುವ, ಖಚಿತಪಡಿಸುವ ಯಾವುದೇ ಕಾರ್ಯಾಚರಣೆ ಎಂದು ಕಾಯ್ದೆ ಹೇಳುತ್ತದೆ. "ಯಾವುದೇ" ಎಂಬ ಪದದ ಅಗಲವನ್ನು ಗಮನಿಸಿ. ಬರಿಗಣ್ಣಿನಿಂದ ನೆಲ ನೋಡುತ್ತ ನಡೆಯುವುದು ಕಾರ್ಯಾಚರಣೆಯೇ ಎಂದು ನ್ಯಾಯಾಲಯದಲ್ಲಿ ವಾದಿಸಬಹುದು. ಅಲ್ಲ ಎಂದು ನಾನೇ ವಾದಿಸಲು ಸಿದ್ಧನಿದ್ದೇನೆ. ಆದರೆ ಗುದ್ದಲಿ ಹಾಕಿದ ಕ್ಷಣ, ಜರಡಿ ಹಿಡಿದ ಕ್ಷಣ, ಮಣ್ಣನ್ನು ಚೀಲ ತುಂಬಿ ಮನೆಗೆ ಒಯ್ದ ಕ್ಷಣ ವಾದಕ್ಕೆ ಜಾಗ ಉಳಿಯುವುದಿಲ್ಲ. ಶಿಕ್ಷೆ 5 ವರ್ಷಗಳವರೆಗೆ ಸೆರೆ, ಹೆಕ್ಟೇರಿಗೆ 5 ಲಕ್ಷ ರೂಪಾಯಿವರೆಗೆ ದಂಡ. ತೆಗೆದ ಖನಿಜವನ್ನು, ಅದು ಮಾರಾಟವಾಗಿದ್ದರೆ ಅದರ ಬೆಲೆಯನ್ನು ಸರ್ಕಾರ ವಸೂಲು ಮಾಡಬಹುದು. ದಲ್ಲಾಳಿಯ ಬೆದರಿಕೆಗೆ ಬಲ ಬರುವುದು ಇಲ್ಲಿಂದಲೇ. ಇಷ್ಟನ್ನು ಮಾತ್ರ ಅವನು ಹೇಳುವುದಿಲ್ಲ: ಈ ಕಾಯ್ದೆಯ ಅಪರಾಧವನ್ನು ಅಧಿಕೃತ ಅಧಿಕಾರಿ ಲಿಖಿತ ದೂರು ಕೊಟ್ಟರೆ ಮಾತ್ರ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳುತ್ತದೆ. ಅಲ್ಲದೆ ಕದ್ದ ಕಲ್ಲನ್ನು ಕೊಂಡು ಸಾಗಿಸುವ ಅವನೂ ಅದೇ ಕಲಮಿನ ಅಡಿಯಲ್ಲಿ ನಿಂತಿರುತ್ತಾನೆ.

ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡುತ್ತೇನೆ. 1878ರ ನಿಧಿ ಕಾಯ್ದೆ ಎಂದು ಒಂದಿದೆ. ಮಣ್ಣಿನಲ್ಲಿ ಅಡಗಿಸಿಟ್ಟ, 10 ರೂಪಾಯಿಗಿಂತ ಹೆಚ್ಚಿನ ಬೆಲೆಯ ವಸ್ತು ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕು, ಒಡೆಯರಿಲ್ಲದಿದ್ದರೆ ಸಿಕ್ಕವರಿಗೂ ಪಾಲು ಉಂಟು. ಇದನ್ನು ಕೇಳಿದವರು ವಜ್ರಕ್ಕೂ ಅದೇ ಎಂದುಕೊಳ್ಳುತ್ತಾರೆ. ವಿಜಯನಗರದ ಕಾಲದ ಹೊನ್ನಿನ ಕುಡಿಕೆ ಸಿಕ್ಕರೆ ಅದು ನಿಧಿ. ಭೂಮಿಯೇ ಹೆತ್ತ ಹರಳು ನಿಧಿಯಲ್ಲ, ಖನಿಜ.

ಹಾಗಾದರೆ ಪರವಾನಗಿ ಪಡೆಯುವುದು ಹೇಗೆ? ಇಲ್ಲಿ ನನ್ನ ಬೇಸರವನ್ನು ಮುಚ್ಚಿಡುವುದಿಲ್ಲ. 2015ಕ್ಕೆ ಮುಂಚೆ ಈ ಕಾಯ್ದೆಯಲ್ಲಿ ಮೊದಲು ಅರ್ಜಿ ಹಾಕಿದವರಿಗೆ ಆದ್ಯತೆ ಇತ್ತು. ಭಾರತದ ಪ್ರಜೆ ಯಾರೇ ಆಗಲಿ, ಅರ್ಜಿ ಬರೆದು, ಶುಲ್ಕ ಕಟ್ಟಿ, ಅನ್ವೇಷಣಾ ಪರವಾನಗಿ ಕೇಳಬಹುದಿತ್ತು. ಕೊಡುವುದು ಬಿಡುವುದು ಸರ್ಕಾರದ ಕೈಯಲ್ಲಿತ್ತು, ಅಲ್ಲಿ ಲಂಚವೂ ಪಕ್ಷಪಾತವೂ ನಡೆಯಿತು, ಒಪ್ಪುತ್ತೇನೆ. ರಾಯದುರ್ಗದ ಕಡೆಯ ಓಬಳಾಪುರದ ಕಬ್ಬಿಣದ ಅದಿರಿನ ಗಣಿಯಲ್ಲಿ ಆಂಧ್ರ, ಕರ್ನಾಟಕ ಎರಡು ರಾಜ್ಯಗಳ ಗಡಿಗುರುತೇ ಅಳಿಸಿಹೋದ ಆರೋಪ ಸುಪ್ರೀಂ ಕೋರ್ಟಿನವರೆಗೆ ಹೋದದ್ದನ್ನು ಈ ಸಭೆಯಲ್ಲಿರುವವರು ಮರೆತಿರಲಾರರು. ಅದಿರು ಹೊತ್ತ ಲಾರಿಗಳ ಕೆಂಪು ಧೂಳು ನಮ್ಮ ಬೆಳೆಯ ಮೇಲೂ ಕೂತಿದೆ. 2015ರ ತಿದ್ದುಪಡಿ ಆ ರೋಗಕ್ಕೆ ಹರಾಜು ಎಂಬ ಮದ್ದು ಕೊಟ್ಟಿತು. ಈಗ ಸರ್ಕಾರ ಒಂದು ಪ್ರದೇಶವನ್ನು ಬ್ಲಾಕ್ ಎಂದು ಗುರುತಿಸಿ ಹರಾಜಿಗೆ ಇಡುತ್ತದೆ. ನಿಕ್ಷೇಪ ಖಚಿತವಾಗಿದ್ದರೆ ನೇರ ಗಣಿ ಗುತ್ತಿಗೆ, ಅದರ ಅವಧಿ 50 ವರ್ಷ. ಇನ್ನೂ ಹುಡುಕುವುದು ಬಾಕಿ ಇದ್ದರೆ ಅನ್ವೇಷಣೆ ಮತ್ತು ಗಣಿ ಎರಡನ್ನೂ ಸೇರಿಸಿದ ಸಂಯುಕ್ತ ಪರವಾನಗಿ. 2023ರಲ್ಲಿ ಮತ್ತೊಂದು ಬಗೆ ಬಂತು, ಶೋಧನಾ ಪರವಾನಗಿ. ಅದು 29 ಖನಿಜಗಳಿಗೆ. ಚಿನ್ನ, ತಾಮ್ರ, ಲಿಥಿಯಂ ಜೊತೆಗೆ ವಜ್ರವೂ ಆ ಪಟ್ಟಿಯಲ್ಲಿದೆ. 1,000 ಚದರ ಕಿಲೋಮೀಟರ್‌ವರೆಗಿನ ಪ್ರದೇಶದಲ್ಲಿ 5 ವರ್ಷ, ಬೇಕಾದರೆ ಇನ್ನೂ 2 ವರ್ಷ ಹುಡುಕಬಹುದು.

ಈ ಶೋಧನಾ ಪರವಾನಗಿಯ ತಿರುಳಿನಲ್ಲಿ ಒಂದು ತತ್ತ್ವವಿದೆ. ಪರವಾನಗಿ ಹಿಡಿದವರು ನಿಕ್ಷೇಪವನ್ನು ಕಂಡುಹಿಡಿದರೆ, ಮುಂದೆ ಅಲ್ಲಿ ಗಣಿ ಹರಾಜಾದಾಗ ಗಣಿಯವರು ಕಟ್ಟುವ ಹರಾಜು ಹಣದಲ್ಲಿ ಕಂಡುಹಿಡಿದವರಿಗೆ ಪಾಲು ಸಲ್ಲುತ್ತದೆ. ಅಂದರೆ ಹುಡುಕಿದವರ ಕಣ್ಣಿಗೂ ಶ್ರಮಕ್ಕೂ ಬೆಲೆ ಇದೆ ಎಂದು ಕಾನೂನೇ ಒಪ್ಪಿಕೊಂಡಿದೆ. ಆದರೆ 1,000 ಚದರ ಕಿಲೋಮೀಟರ್ ಅಳೆಯಬಲ್ಲವರಿಗೆ ಮಾತ್ರ ಒಪ್ಪಿದೆ. ಸೆರಗಿನಲ್ಲಿ ಬುತ್ತಿ ಕಟ್ಟಿಕೊಂಡು ಬಂದ ಆ ತಾಯಿಗೆ ಒಪ್ಪಿಲ್ಲ.

ಚಿಕ್ಕವರಿಗೆ ದಾರಿ ಮಾಡಿಕೊಡಲು ಆಗುವುದೇ ಇಲ್ಲವೇ? ಅಮೆರಿಕದಲ್ಲಿ 1872ರ ಗಣಿ ಕಾನೂನಿನ ಪ್ರಕಾರ, ಮುಕ್ತವಾಗಿ ಇಟ್ಟಿರುವ ಒಕ್ಕೂಟ ಸರ್ಕಾರದ ಭೂಮಿಯಲ್ಲಿ ಖನಿಜ ಕಂಡ ನಾಗರಿಕ ಗೂಟ ನೆಟ್ಟು, ದಾಖಲೆ ಮಾಡಿಸಿ ಹಕ್ಕು ಸ್ಥಾಪಿಸಬಹುದು. ಆಸ್ಟ್ರೇಲಿಯಾದ ಹಲವು ರಾಜ್ಯಗಳಲ್ಲಿ ಕೈ ಉಪಕರಣ ಹಿಡಿದು ಹರಳು, ಚಿನ್ನ ಹುಡುಕಲು ಸಾಮಾನ್ಯರಿಗೆ ಅಗ್ಗದ ಪರವಾನಗಿ ಸಿಗುತ್ತದೆ. ಅವು ದೂರದ ದೇಶಗಳ ಮಾತು, ಅಲ್ಲಿನ ನೆಲ ಜನಸಂಖ್ಯೆ ಬೇರೆ ಎನ್ನುವಿರಾದರೆ ನಮ್ಮ ದೇಶದ್ದೇ ಹೇಳುತ್ತೇನೆ. ಮಧ್ಯಪ್ರದೇಶದ ಪನ್ನಾದಲ್ಲಿ ಸರ್ಕಾರದ ವಜ್ರ ಕಚೇರಿ ಇದೆ. ಯಾವ ಕೂಲಿಕಾರನಾದರೂ ಅಲ್ಲಿಗೆ ಹೋಗಿ, ಗುರುತಿನ ಚೀಟಿ ತೋರಿಸಿ, ಕೆಲವು ನೂರು ರೂಪಾಯಿ ಕಟ್ಟಿದರೆ 8 ಮೀಟರ್ ಉದ್ದ, 8 ಮೀಟರ್ ಅಗಲದ ತುಂಡು ನೆಲವನ್ನು ವಜ್ರ ತೆಗೆಯಲು ಕೊಡುತ್ತಾರೆ. ಒಡೆಯರ ಒಪ್ಪಿಗೆ ಇದ್ದರೆ ಖಾಸಗಿ ಹೊಲದಲ್ಲೂ ಆಗುತ್ತದೆ. ಅವನು ತೋಡುತ್ತಾನೆ, ತೊಳೆಯುತ್ತಾನೆ, ಒಣಗಿಸಿ ಆರಿಸುತ್ತಾನೆ. ಹರಳು ಸಿಕ್ಕರೆ ವಜ್ರ ಕಚೇರಿಗೆ ಒಪ್ಪಿಸಬೇಕು. ಅಲ್ಲಿ ತೂಗಿ, ದಾಖಲಿಸಿ, ಬಹಿರಂಗ ಹರಾಜಿನಲ್ಲಿ ಮಾರುತ್ತಾರೆ. ರಾಯಧನವನ್ನೂ (ಖನಿಜಕ್ಕಾಗಿ ಸರ್ಕಾರ ಪಡೆಯುವ ಪಾಲು) ತೆರಿಗೆಯನ್ನೂ ಹಿಡಿದುಕೊಂಡು ಉಳಿದ ದೊಡ್ಡ ಪಾಲನ್ನು ಸಿಕ್ಕವನ ಖಾತೆಗೆ ಹಾಕುತ್ತಾರೆ. ಸುದ್ದಿ ಪತ್ರಿಕೆಯಲ್ಲಿ ಅವನ ಹೆಸರು ಬರುತ್ತದೆ. ಅವನು ಮುಖ ಮುಚ್ಚಿಕೊಳ್ಳಬೇಕಾಗಿಲ್ಲ.

ದೇಶ ಒಂದೇ, ಹರಳು ಒಂದೇ. ಅಲ್ಲಿ ಸಿಕ್ಕವನು ಸರ್ಕಾರದ ಕಚೇರಿಗೆ ಹೋಗುತ್ತಾನೆ, ಇಲ್ಲಿ ಸಿಕ್ಕವನು ದಲ್ಲಾಳಿಯ ಮನೆಗೆ ಹೋಗುತ್ತಾನೆ. ನಾನು ಈ ಊರಿನಲ್ಲಿ ನಿಂತು ಕೇಳುವುದು ಇದೊಂದನ್ನೇ: ಕರ್ನೂಲು, ಅನಂತಪುರ ಜಿಲ್ಲೆಗಳಲ್ಲಿ ಮಳೆಗಾಲದ ಮೇಲ್ಮಣ್ಣಿನ ಹುಡುಕಾಟಕ್ಕೆ ಪನ್ನಾದ ಮಾದರಿಯ ಚಿಕ್ಕ ಪರವಾನಗಿ ಬರಬೇಕು, ಹರಳನ್ನು ಒಪ್ಪಿಸಲು ಒಂದು ಕಚೇರಿ ಬರಬೇಕು. ಅದರಿಂದ ಸರ್ಕಾರಕ್ಕೂ ರಾಯಧನ ಬರುತ್ತದೆ. ಈಗ ಏನೂ ಬರುತ್ತಿಲ್ಲ.

ಇನ್ನು ನಾಣ್ಯದ ಮತ್ತೊಂದು ಮುಖ. ಹುಡುಕುವವರು ನಾವಲ್ಲದೆ ಬೇರೆಯವರಾದಾಗ ನಮ್ಮ ಹಕ್ಕೇನು? ಒಂದು ಬೆಳಿಗ್ಗೆ ಊರ ಗೋಮಾಳಕ್ಕೆ ಜೀಪು ಬರುತ್ತದೆ, ಹಿಂದೆಯೇ ಕೊರೆಯುವ ಯಂತ್ರ ಬರುತ್ತದೆ. ಕೊಳವೆಬಾವಿ ಕೊರೆಯುತ್ತಿದ್ದಾರೆ ಎಂದು ದನ ಕಾಯುವ ಹುಡುಗರು ಖುಷಿಪಡುತ್ತಾರೆ. ಆಮೇಲೆ ನೋಡಿದರೆ ನೀರಲ್ಲ, ಕಲ್ಲಿನ ಕಡ್ಡಿಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿ ಒಯ್ಯುತ್ತಾರೆ. ಇಂಥ ಹೊತ್ತಿನಲ್ಲಿ ಜಗಳಕ್ಕೆ ಹೋಗಬೇಡಿ, ಕಾಗದ ಕೇಳಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ, ರಾಜ್ಯದ ಗಣಿ ಇಲಾಖೆಗೆ ಹಾಗೂ ಕೆಲವು ಸರ್ಕಾರಿ ಸಂಸ್ಥೆಗಳಿಗೆ ಪರವಾನಗಿಯಿಂದ ವಿನಾಯಿತಿ ಇದೆ. 2021ರಿಂದ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಖಾಸಗಿ ಸಂಸ್ಥೆಗಳೂ ಶೋಧನೆ ಮಾಡಬಹುದು. ಆದ್ದರಿಂದ "ಪರವಾನಗಿ ಎಲ್ಲಿ" ಎಂದು ಕೇಳಿದರೆ "ನಮಗೆ ಬೇಡ" ಎಂಬ ಉತ್ತರ ಬರಬಹುದು, ಅದು ನಿಜವೂ ಆಗಿರಬಹುದು. ಕೇಳಬೇಕಾದದ್ದು: ನೀವು ಯಾವ ಸಂಸ್ಥೆಯವರು, ಯಾರ ಆದೇಶ, ಯಾವ ಸರ್ವೆ ನಂಬರುಗಳು, ಎಷ್ಟು ದಿನ, ತಹಶೀಲ್ದಾರರಿಗೆ ತಿಳಿಸಿದ್ದೀರಾ. ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ ಇದೆ.

ಹೊಲದಲ್ಲಿ ಬೆಳೆ ಇದ್ದವರು 24ಎ ಕಲಮನ್ನು ನೆನಪಿಡಿ. ಪರವಾನಗಿ ಅಥವಾ ಗುತ್ತಿಗೆ ಪಡೆದವರು ಆ ನೆಲಕ್ಕೆ ಕಾಲಿಡುವುದನ್ನು ಕಾನೂನು ಒಪ್ಪುತ್ತದೆ, ನೀವು ಬೇಲಿ ಹಾಕಿ ತಡೆಯಲಾಗದು. ಆದರೆ ಮೇಲ್ಮೈಯನ್ನು ಅನುಭವಿಸುವವರಿಗೆ ಆದ ನಷ್ಟಕ್ಕೆ ಅವರು ಪರಿಹಾರ ಕೊಡಲೇಬೇಕು. ಮೊತ್ತವನ್ನು ನಿರ್ಧರಿಸುವುದು ಕಂಪನಿಯಲ್ಲ, ರಾಜ್ಯ ಸರ್ಕಾರ. ಗಮನಿಸಿ, ಆ ಕಲಮು ಒಡೆಯ ಎನ್ನುವುದಿಲ್ಲ, ಅನುಭವದಲ್ಲಿರುವವರು ಎನ್ನುತ್ತದೆ. ಸರ್ಕಾರ ಮಂಜೂರು ಮಾಡಿದ ಡಿ-ಪಟ್ಟಾ ಹಿಡಿದು ಉಳುವವರೂ ತಮ್ಮ ಶೇಂಗಾ ಬೆಳೆ ಹಾಳಾದರೆ ಬಾಯಿ ಬಿಟ್ಟು ಕೇಳಬೇಕು. ಅದಕ್ಕಾಗಿ ಅಡಂಗಲ್ ಎಂಬ ಊರಿನ ಬೆಳೆ ದಾಖಲೆಯಲ್ಲಿ ನಿಮ್ಮ ಬೆಳೆ ನಮೂದಾಗಿದೆಯೇ ನೋಡಿಕೊಳ್ಳಿ, ಯಂತ್ರ ಇಳಿಯುವ ಮುಂಚೆ ಹೊಲದ ಚಿತ್ರ ಮೊಬೈಲಿನಲ್ಲಿ ತೆಗೆದುಕೊಳ್ಳಿ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಹುಡುಕುವ ಹಂತದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯುವುದಿಲ್ಲ. 2006ರ ಪರಿಸರ ಅಧಿಸೂಚನೆ ಅನ್ವೇಷಣೆಗೆ ವಿನಾಯಿತಿ ಕೊಟ್ಟಿದೆ. ಗಣಿಯ ಹಂತಕ್ಕೆ ಬಂದಾಗ ಸಾಮಾನ್ಯವಾಗಿ ಅಹವಾಲು ಸಭೆ ಕರೆಯುತ್ತಾರೆ. ಅಷ್ಟರಲ್ಲಿ ನಕ್ಷೆ ಸಿದ್ಧವಾಗಿರುತ್ತದೆ, ಹರಾಜು ಮುಗಿದಿರುತ್ತದೆ. ಊರಿನ ಕಣ್ಣು ತೆರೆಯಬೇಕಾದದ್ದು ಕೊರೆಯುವ ಯಂತ್ರ ಬಂದ ದಿನ. ಗೋಮಾಳ, ಕೆರೆ ಅಂಗಳದಂಥ ಊರೊಟ್ಟಿನ ನೆಲವನ್ನು ಕಾಪಾಡಬೇಕೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ಗ್ರಾಮಸಭೆಯ ನಿರ್ಣಯಕ್ಕೆ ಆ ತೀರ್ಪಿನ ಆಸರೆ ತೆಗೆದುಕೊಳ್ಳಬಹುದು.

ನಮಗೆ ಮಾತ್ರ ಇರುವ ಒಂದು ತೊಡಕೂ ಇದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹರಿದು, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅಂದಿನಿಂದ ನಮ್ಮ ನೆಲದ ಕಾಗದ ತೆಲುಗಿನಲ್ಲಿದೆ, ಗಣಿಯ ಹರಾಜು ಪ್ರಕಟಣೆ ಇಂಗ್ಲಿಷಿನಲ್ಲಿದೆ, ಮನೆಯ ಮಾತು ಕನ್ನಡದಲ್ಲಿದೆ. ಊರ ಚಾವಡಿಯಲ್ಲಿ ಅಂಟಿಸಿದ ನೋಟಿಸನ್ನು ಓದಿ ಹೇಳುವವರಿಲ್ಲದೆ ಆಕ್ಷೇಪಣೆಯ ಗಡುವು ಮುಗಿದ ಪ್ರಕರಣಗಳನ್ನು ನಾನು ಕಂಡಿದ್ದೇನೆ. ಶಾಲೆಯಲ್ಲಿ ತೆಲುಗು ಕಲಿತ ನಮ್ಮ ಹುಡುಗ ಹುಡುಗಿಯರು ಆ ನೋಟಿಸನ್ನು ಅಜ್ಜ ಅಜ್ಜಿಯರಿಗೆ ಓದಿ ಹೇಳುವುದು ಈ ಸೀಮೆಯ ದೊಡ್ಡ ಕಾನೂನು ಸೇವೆ.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು. ಮೊದಲನೆಯವರು ತುಗ್ಗಲಿ ಕಡೆಯ ರೈತರು. "ನೀವು ಹುಡುಕುವವರ ಪರ ಮಾತಾಡಿದಿರಿ. ನನ್ನ ಹೊಲವನ್ನು ವರ್ಷವರ್ಷ ನೂರಾರು ಜನ ತುಳಿಯುತ್ತಾರೆ, ಬಿತ್ತಿದ ಬೀಜ ಮೇಲೇಳುವುದಿಲ್ಲ. ನನಗೆ ಯಾರು ದಿಕ್ಕು?" ಅವರ ಮಾತು ನ್ಯಾಯವಾದದ್ದು, ನಾನು ಮೊದಲೇ ಹೇಳಬೇಕಿತ್ತು. ಪಟ್ಟಾ ಹೊಲಕ್ಕೆ ನಿಮ್ಮ ಅಪ್ಪಣೆ ಇಲ್ಲದೆ ಇಳಿಯುವುದು ಅತಿಕ್ರಮಣ. ಫಲಕ ಹಾಕಿ, ಕೇಳದಿದ್ದರೆ ಠಾಣೆಗೆ ದೂರು ಕೊಡಿ. ನಾನು ಕೇಳುತ್ತಿರುವ ಚಿಕ್ಕ ಪರವಾನಗಿ ಬಂದರೆ ಅದರಲ್ಲಿ ಹೊಲದವರ ಒಪ್ಪಿಗೆ ಮತ್ತು ಪಾಲು ಎರಡೂ ಬರೆದಿರಬೇಕು. ಬಿತ್ತನೆಯ ನಂತರ ಯಾರೂ ಇಳಿಯಬಾರದು ಎಂಬ ಷರತ್ತೂ ಇರಬೇಕು.

ಎರಡನೆಯವರು ಕಾಲೇಜು ಓದುವ ಹುಡುಗಿ. "ಹಾಗಾದರೆ ಅರ್ಜಿಯನ್ನು ಯಾರಿಗೆ ಬರೆಯಬೇಕು, ಸರ್?" ಎಂದು ಕೇಳಿದಳು. ಜಿಲ್ಲಾ ಕಲೆಕ್ಟರರಿಗೆ ಬರೆಯಮ್ಮ, ಒಂದು ಪ್ರತಿಯನ್ನು ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಅಧಿಕಾರಿಗೆ ಕೊಡು. ತೆಲುಗಿನಲ್ಲಿ ಬರೆ, ಊರಿನವರಿಗೆ ಓದಿ ಹೇಳಲು ಕನ್ನಡದ ಪ್ರತಿ ಇಟ್ಟುಕೊ. ಹುಡುಕುವವರ ಸಹಿಯ ಜೊತೆಗೆ ಹೊಲದವರ ಸಹಿಯನ್ನೂ ಹಾಕಿಸು. ಸ್ವೀಕೃತಿಯ ಮುದ್ರೆ ಮತ್ತು ತಾರೀಖು ಬೀಳದೆ ಕಚೇರಿಯಿಂದ ಹೊರಗೆ ಬರಬೇಡ.